ಸ್ಕೈರಿಮ್ ದೊಡ್ಡದೋ, ವಿಚರ್ ದೊಡ್ಡದೋ? ನೀರು ನೋಡಿ ಹೇಳಿ

[ದೃಶ್ಯ: ಮಂಗಳೂರಿನ ಬಂಗ್ರಕೂಳೂರು ಕಂಬಳ. ಕೋಣಗಳ ಜೋಡಿ ಗಂತಿನಿಂದ, ಅಂದರೆ ಓಟ ಶುರುವಾಗುವ ಜಾಗದಿಂದ, ಹೊರಡುತ್ತದೆ. ಕೆಸರುನೀರು ಕ್ಯಾಮೆರಾದ ಕಡೆಗೇ ಹಾರಿ ಬರುತ್ತದೆ.]

ನಮಸ್ಕಾರ. ವಿಡಿಯೋ ಗೇಮಿನ ಚಾನೆಲ್ಲಿನಲ್ಲಿ ಕೋಣಗಳಿಗೇನು ಕೆಲಸ ಎಂದು ನಿಮಗೆ ಅನ್ನಿಸಿರಬಹುದು. ಕೆಲಸವಿದೆ, ಸ್ವಲ್ಪ ತಾಳಿ.

ಕಳೆದ ವಾರ ಉಡುಪಿಯ ಕುಂಜಿಬೆಟ್ಟಿನಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದಿದೆ, ಅಜ್ಜಿ ಕೊಟ್ಟ ದುಡ್ಡು ಕೈಯಲ್ಲಿದೆ, ಒಂದು ಗೇಮಿಗೆ ಸಾಕಾಗುತ್ತದೆ. "ಅಕ್ಕ, ಸ್ಕೈರಿಮ್ ತೆಗೆದುಕೊಳ್ಳಲೋ, ವಿಚರ್ ತೆಗೆದುಕೊಳ್ಳಲೋ? ಎರಡೂ ಒಳ್ಳೆಯದು ಎಂದು ಮಾತ್ರ ಹೇಳಬೇಡ" ಎಂದ.

ಅವನು ಬೇಡವೆಂದ ಆ ಉತ್ತರವನ್ನು ನಾವೆಲ್ಲ ಎಷ್ಟು ಸಲ ಕೊಟ್ಟಿಲ್ಲ? "ಎರಡೂ ಬೇರೆ ಬೇರೆ, ಹೋಲಿಸುವುದೇ ತಪ್ಪು" ಎನ್ನುವುದು ಕೇಳಲು ಸಭ್ಯವಾಗಿದೆ, ಆದರೆ ಕೇಳಿದವನು ಅದರಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಾರ. ಅವನ ಕೈಯಲ್ಲಿರುವುದು ಒಂದು ಗೇಮಿನ ದುಡ್ಡು, ಒಂದು ರಜೆ. ಅವನಿಗೆ ಹೋಲಿಕೆ ಬೇಕೇ ಬೇಕು.

ಈಗ ಕಂಬಳಕ್ಕೆ ಬರೋಣ.

[ದೃಶ್ಯ: ಕನೆಹಲಗೆ ಓಟ, ನಿಧಾನಗತಿಯಲ್ಲಿ. ಹಲಗೆಯಿಂದ ಚಿಮ್ಮಿದ ನೀರು ಮೇಲೇರುತ್ತದೆ.]

ನಾನು ಐದಾರು ವರ್ಷದವಳಿದ್ದಾಗ ದೊಡ್ಡಪ್ಪನ ಹೆಗಲ ಮೇಲೆ ಕುಳಿತು ಕಂಬಳ ನೋಡುತ್ತಿದ್ದೆ. ಕನೆಹಲಗೆಯ ಜೋಡಿ ಬಂದಾಗ "ಈ ಕೋಣಗಳು ನಿಧಾನ" ಎಂದುಬಿಟ್ಟೆ. ದೊಡ್ಡಪ್ಪ ನನ್ನ ಕಾಲನ್ನು ಮೆಲ್ಲನೆ ತಟ್ಟಿ, "ಕೋಣ ನೋಡಬೇಡ, ನೀರು ನೋಡು" ಎಂದರು.

ಹಗ್ಗ ಮತ್ತು ನೇಗಿಲು ವಿಭಾಗದ ಜೋಡಿಗಳಿಗೆ ವೇಗವೇ ಎಲ್ಲ. ಸೆಕೆಂಡಿನ ನೂರರಲ್ಲೊಂದು ಭಾಗದವರೆಗೆ ಲೆಕ್ಕ ಹಿಡಿಯುತ್ತಾರೆ. ಕನೆಹಲಗೆಗೆ ಬಂದರೆ ಗಡಿಯಾರವನ್ನು ಯಾರೂ ಕೇಳುವುದಿಲ್ಲ. ಓಡಿಸುವವನು ನಿಂತ ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರದ ಅಳತೆ. ಅದೇ ಕರೆ (ಕೋಣ ಓಡುವ ಗದ್ದೆ), ಅದೇ ಕೆಸರು, ಆದರೆ ಅಳೆಯುವುದು ಬೇರೆಯದನ್ನು. ಜೊತೆಗೆ ಹಗ್ಗ, ನೇಗಿಲುಗಳಲ್ಲಿ ಹಿರಿಯ, ಕಿರಿಯ ಎಂದು ಬೇರೆ ವಿಭಾಗಗಳಿವೆ. ಕಿರಿಯ ಜೋಡಿಯನ್ನು ಹಿರಿಯ ಜೋಡಿಯ ಎದುರು ನಿಲ್ಲಿಸಿ ಸೋಲಿಸಿದವನನ್ನು ಯಾರೂ ಮೆಚ್ಚುವುದಿಲ್ಲ.

ಫ್ಯಾಂಟಸಿ ಗೇಮುಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ.

[ದೃಶ್ಯ: ಎಡಕ್ಕೆ ಸ್ಕೈರಿಮ್‌ನ ಒಬ್ಬ ಹಳ್ಳಿಗನ ಮುಖ, ಬಲಕ್ಕೆ ವಿಚರ್ 3ರ ಒಬ್ಬ ಹಳ್ಳಿಗನ ಮುಖ.]

ಈ ಎರಡು ಮುಖಗಳನ್ನು ಪಕ್ಕಪಕ್ಕ ಇಟ್ಟು "ನೋಡಿ ವ್ಯತ್ಯಾಸ" ಎನ್ನುವ ವಿಡಿಯೋಗಳನ್ನು ನೀವು ನೋಡಿರುತ್ತೀರಿ. ಸ್ಕೈರಿಮ್ ಬಂದದ್ದು 2011ರ ನವೆಂಬರ್‌ನಲ್ಲಿ. ಅದು ಓಡಬೇಕಾಗಿದ್ದ ಎಕ್ಸ್‌ಬಾಕ್ಸ್ 360 ಯಂತ್ರದ ಒಟ್ಟು ಮೆಮೊರಿ 512 ಎಂಬಿ. ವಿಚರ್ 3 ಬಂದದ್ದು 2015ರ ಮೇ ತಿಂಗಳಲ್ಲಿ, 8 ಜಿಬಿ ಮೆಮೊರಿಯ ಪ್ಲೇಸ್ಟೇಷನ್ 4ಕ್ಕೆ. ಹದಿನಾರು ಪಟ್ಟು ಹೆಚ್ಚು! ಆ ಮುಖದ ಸುಕ್ಕುಗಳಲ್ಲಿ ಕಲಾವಿದರ ಶ್ರಮವಿದೆ, ಅದಕ್ಕೆ ನನ್ನ ನಮಸ್ಕಾರ. ಆದರೆ ಆ ಹೋಲಿಕೆಯಿಂದ ತಿಳಿಯುವುದು ಎರಡು ಗೇಮುಗಳ ನಡುವೆ ಯಂತ್ರ ಎಷ್ಟು ಬೆಳೆಯಿತು ಎನ್ನುವುದೇ ಹೆಚ್ಚು.

ಹಾಗಾದರೆ ಈ ಗೇಮುಗಳಲ್ಲಿ ನೋಡಬೇಕಾದ ನೀರು ಯಾವುದು?

[ದೃಶ್ಯ: ಸ್ಕೈರಿಮ್. ವೈಟ್‌ರನ್ ಪಟ್ಟಣದ ಅಂಗಡಿ.]

ವೈಟ್‌ರನ್‌ನ ಈ ಅಂಗಡಿಯಲ್ಲಿ ಮೇಜಿನ ಮೇಲಿರುವ ಪಾತ್ರೆಯನ್ನು ಗಮನಿಸಿ. ಅದನ್ನು ಎತ್ತುತ್ತೇನೆ. ಅಂಗಡಿಯವನ ತಲೆಯ ಮೇಲೆ ಮೆಲ್ಲನೆ ಕವುಚುತ್ತೇನೆ. ಅವನ ಕಣ್ಣು ಮುಚ್ಚಿತು. ಈಗ ಅವನ ಎದುರಿನಲ್ಲೇ ಅಂಗಡಿ ಖಾಲಿ ಮಾಡಿದರೂ ಅವನಿಗೆ ತಿಳಿಯುವುದಿಲ್ಲ. ಇದು ಯಾರೋ ಕುಳಿತು ಬರೆದ ಪ್ರಸಂಗವಲ್ಲ. ಪಾತ್ರೆಗೆ ತೂಕವಿದೆ, ಅಡ್ಡ ಬಂದದ್ದರ ಆಚೆಗೆ ಅವನಿಗೆ ಕಾಣಿಸುವುದಿಲ್ಲ. ಈ ಎರಡು ನಿಯಮ ಸೇರಿದವು, ತಮಾಷೆ ತಾನಾಗಿ ಹುಟ್ಟಿತು. ಸ್ಕೈರಿಮ್ ಮಾಡಿದ ಬೆಥೆಸ್ಡಾದವರು ಪಣ ಇಟ್ಟದ್ದು ಇದರ ಮೇಲೆ: ಸೌಟು, ಎಲೆಕೋಸು, ಚಿಟ್ಟೆ, ಎಲ್ಲವೂ ಕೈಗೆ ಸಿಗುವ ಲೋಕ. ನಾಯಕ ಯಾರು ಎಂಬುದೂ ನಿಮಗೇ ಬಿಟ್ಟದ್ದು. ಹತ್ತು ಕುಲಗಳಲ್ಲಿ ಯಾವುದನ್ನಾದರೂ ಆರಿಸಬಹುದು; ಬೆಕ್ಕಿನ ಮುಖದವನಾಗಬಹುದು, ಹಲ್ಲಿಯಂಥವಳಾಗಬಹುದು. ಅದರ ಬೆಲೆಯೂ ಇದೆ. ಯಾರೂ ಆಗಬಹುದಾದ ನಾಯಕನಿಗೆ ಸ್ವಂತ ದನಿ ಕೊಡುವುದು ಕಷ್ಟ. ಸ್ಕೈರಿಮ್‌ನ ನಾಯಕ ಸಂಭಾಷಣೆಯಲ್ಲಿ ಬಾಯಿ ಬಿಡುವುದಿಲ್ಲ, ನೀವು ಸಾಲುಗಳನ್ನು ಓದಿ ಆರಿಸುತ್ತೀರಿ, ಅಷ್ಟೇ.

[ದೃಶ್ಯ: ವಿಚರ್ 3. ವೆಲೆನ್ ಸೀಮೆ, ರಾತ್ರಿ, ಗಾಳಿ. ಪರದೆಯ ಮೇಲೆ ಬರಹ: ಮುಂದೆ ಕಥೆಯ ಒಂದು ಗುಟ್ಟು ಬಯಲಾಗುತ್ತದೆ.]

ವಿಚರ್ ಆಡದವರು ಒಂದು ನಿಮಿಷ ದನಿ ತಗ್ಗಿಸಿಕೊಳ್ಳಬಹುದು.

ವೆಲೆನ್‌ನಲ್ಲಿ ಒಬ್ಬ ಕುಡುಕ ಸರದಾರನಿದ್ದಾನೆ, ಜನ ಅವನನ್ನು ರಕ್ತಸಿಕ್ತ ಬ್ಯಾರನ್ ಎನ್ನುತ್ತಾರೆ. ಹೆಂಡತಿಗೆ ಹೊಡೆಯುತ್ತಿದ್ದವನು. ಹುಟ್ಟದೆ ಸತ್ತ ಮಗುವನ್ನು ಹೆಸರಿಡದೆ ಹೂತಿದ್ದಾನೆ. ಆ ಮಗು ಪಿಶಾಚಿಯಾಗಿ ಎದ್ದಿದೆ. ಕತ್ತಿಯಿಂದ ಕೊಂದು ಮುಗಿಸಬಹುದು. ಇಲ್ಲವೇ ಇನ್ನೊಂದು ದಾರಿಯಿದೆ: ಅಪ್ಪನೇ ಅದನ್ನು ತೋಳಿನಲ್ಲಿ ಎತ್ತಿಕೊಂಡು ಮನೆಯವರೆಗೆ ನಡೆಯಬೇಕು, ಹೆಸರಿಡಬೇಕು, ಹೊಸ್ತಿಲ ಕೆಳಗೆ ಹೂಳಬೇಕು. ಆ ನಡಿಗೆಯುದ್ದಕ್ಕೂ ನೀವು ಅವನ ಪಕ್ಕದಲ್ಲಿರುತ್ತೀರಿ. ಮಗು ಕೆರಳಿದಾಗ ಮಂತ್ರದಿಂದ ಸಮಾಧಾನಪಡಿಸುತ್ತೀರಿ. ನಾನು ಅದನ್ನು ಆಡಿದ ರಾತ್ರಿ ಇಲ್ಲಿ ಕದ್ರಿಯಲ್ಲಿ ಜಡಿಮಳೆ. ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡಿ ತುಂಬಾ ಹೊತ್ತು ಕತ್ತಲೆಯಲ್ಲಿ ಕುಳಿತಿದ್ದೆ.

ಈ ಕಥೆಗೆ ವಿಚರ್ ಗೇಮಿನ ನಾಯಕ ಗೆರಾಲ್ಟ್ ಬೇಕು. ವಯಸ್ಸಾದ, ದಣಿದ, ಒಬ್ಬ ಹುಡುಗಿಯನ್ನು ಮಗಳಂತೆ ಸಾಕಿ ಈಗ ಅವಳನ್ನೇ ಹುಡುಕುತ್ತಿರುವವನು. ಅವನು ಕುಡುಕ ಅಪ್ಪನ ಪಕ್ಕ ನಡೆಯುವುದಕ್ಕೂ, ಯಾವುದೋ ಬೆಕ್ಕಿನ ಮುಖದ ಅಪರಿಚಿತ ನಡೆಯುವುದಕ್ಕೂ ಅಜಗಜಾಂತರ. ವಿಚರ್ ಮಾಡಿದ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ನವರು ನಾಯಕನನ್ನು ಆರಿಸುವ ಸ್ವಾತಂತ್ರ್ಯವನ್ನು ನಿಮ್ಮಿಂದ ಕಸಿದುಕೊಂಡು ಈ ನಡಿಗೆಯನ್ನು ಕೊಟ್ಟರು. ಬೆಥೆಸ್ಡಾದವರು ಈ ನಡಿಗೆಯನ್ನು ಬಿಟ್ಟುಕೊಟ್ಟು ಆ ಪಾತ್ರೆಯನ್ನು ಕೊಟ್ಟರು. ಇದನ್ನು ಪಕ್ಕಪಕ್ಕ ಇಟ್ಟು ನೋಡದೆ ಹೋಗಿದ್ದರೆ ಎರಡರಲ್ಲಿ ಒಂದೂ ನನಗೆ ಇಷ್ಟು ಚೆನ್ನಾಗಿ ಅರ್ಥವಾಗುತ್ತಿರಲಿಲ್ಲ. ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಒಂಬತ್ತೂವರೆ ಎಂದು ಅಂಕ ಕೊಟ್ಟರೆ ಇದೆಲ್ಲ ಆ ಅರ್ಧ ಅಂಕದೊಳಗೆ ಹೂತುಹೋಗುತ್ತದೆ.

ಪಣಕ್ಕೆ ಇಟ್ಟದ್ದನ್ನು ನೋಡಬೇಕು ಎಂದರೆ ಎಲ್ಲವನ್ನೂ ಮನ್ನಿಸಬೇಕು ಎಂದಲ್ಲ. ವಿಚರ್‌ನ ಸ್ಕೆಲಿಗೆ ದ್ವೀಪಗಳ ಸುತ್ತಲ ಕಡಲಿನಲ್ಲಿ, ಗೇಮಿನ ನಕ್ಷೆಯ ಮೇಲೆ, ರಾಶಿ ರಾಶಿ ಪ್ರಶ್ನಾರ್ಥಕ ಚಿಹ್ನೆಗಳಿವೆ. ದೋಣಿ ನಡೆಸಿಕೊಂಡು ಹೋಗಿ ನೋಡಿದರೆ ಹೆಚ್ಚಿನವುಗಳಲ್ಲಿ ಕಳ್ಳಸಾಗಣೆಯ ಪೆಟ್ಟಿಗೆ ಸಿಗುತ್ತದೆ, ಮತ್ತೆ ಅದೇ ಪೆಟ್ಟಿಗೆ. ಅಲೆದಾಟದ ಸುಖ ಕೊಡುತ್ತೇನೆಂದು ಆ ಗೇಮ್ ತಾನೇ ಕರೆಗೆ ಇಳಿದಿದೆ, ಆದ್ದರಿಂದ ಸ್ಕೈರಿಮ್‌ನ ಪಕ್ಕ ನಿಲ್ಲಿಸಿ ಸೋತಿತು ಎನ್ನುವುದು ನ್ಯಾಯವೇ. ಹಾಗೆಯೇ ಸ್ಕೈರಿಮ್‌ನ ಕತ್ತಿವರಸೆ. ಎದುರಾಳಿಗೆ ಹೊಡೆತ ಬಿದ್ದ ಭಾರವೇ ಕೈಗೆ ತಿಳಿಯುವುದಿಲ್ಲ. 2011ರಲ್ಲೇ ಬಂದ ಜಪಾನಿನ ಡಾರ್ಕ್ ಸೋಲ್ಸ್‌ನಲ್ಲಿ ಪ್ರತಿ ಬೀಸಿಗೂ ತೂಕವಿತ್ತು. ವರ್ಷವೂ ಒಂದೇ, ಯಂತ್ರವೂ ಅದೇ ಕಾಲದ್ದು. ಇಲ್ಲಿ ರಿಯಾಯಿತಿ ಕೊಡಲು ನಾನು ಸಿದ್ಧಳಿಲ್ಲ.

[ದೃಶ್ಯ: ಎಲ್ಡನ್ ರಿಂಗ್‌ನ ಬಂಗಾರದ ಕವಚದ ಸವಾರ, ನಂತರ ಬಾಲ್ಡರ್ಸ್ ಗೇಟ್ 3ರ ದಾಳ ಉರುಳುತ್ತದೆ.]

ಇನ್ನೊಂದು ಜೋಡಿಯನ್ನು ಬೇಗ ನೋಡಿಬಿಡೋಣ. 2022ರ ಎಲ್ಡನ್ ರಿಂಗ್, 2023ರ ಬಾಲ್ಡರ್ಸ್ ಗೇಟ್ 3. ಎರಡಕ್ಕೂ ಆಯಾ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಬಂದಿದೆ. ಇವುಗಳಲ್ಲಿ ಯಾವುದು ಕಷ್ಟ ಎಂದು ಕೇಳುವುದಕ್ಕಿಂತ, ಸೋತವನನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂದು ಕೇಳಿ ನೋಡಿ. ಎಲ್ಡನ್ ರಿಂಗ್‌ನಲ್ಲಿ ಬಯಲಿಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಈ ಸವಾರ ಸಿಗುತ್ತಾನೆ, ಹೊಸಬರನ್ನು ಎರಡು ಹೊಡೆತಕ್ಕೆ ಮುಗಿಸುತ್ತಾನೆ. ಸುಲಭ ಮಾಡಿಕೊಳ್ಳುವ ಆಯ್ಕೆ ಎಲ್ಲೂ ಇಲ್ಲ. ಈಗ ಪಕ್ಕಕ್ಕೆ ಸರಿದು ಹೋಗು, ಬಲಿತು ಬಾ ಎನ್ನುತ್ತದೆ ಗೇಮ್. ಬಾಲ್ಡರ್ಸ್ ಗೇಟ್‌ನಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ, 1974ರಿಂದ ಜನ ಮೇಜಿನ ಸುತ್ತ ಕುಳಿತು ಆಡುತ್ತಾ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ದಾಳ. ಒಂದು ಬಿದ್ದರೆ ನಿಮ್ಮ ಪ್ರಯತ್ನ ಕೆಟ್ಟಿತು, ಆದರೆ ಕಥೆ ನಿಲ್ಲದೆ ಬೇರೆ ಕಾಲುವೆಗೆ ತಿರುಗಿ ಹರಿಯುತ್ತದೆ. ನನಗೆ ಇದು ಹೆಚ್ಚು ಪ್ರಿಯ.

[ದೃಶ್ಯ: ಮತ್ತೆ ನಾನು, ಕೋಣೆಯಲ್ಲಿ. ಕಿಟಕಿಯಾಚೆ ತೆಂಗಿನ ಮರ.]

ಕುಂಜಿಬೆಟ್ಟಿನ ಹುಡುಗನಿಗೆ ನಾನು ಒಂದೇ ಪ್ರಶ್ನೆ ಕೇಳಿದೆ. "ಹೊಸ ಊರಿಗೆ ಹೋದರೆ ಮೊದಲು ಏನು ಮಾಡುತ್ತೀಯ? ಯಾರಾದರೂ ಕುಳಿತು ಆ ಊರಿನ ಕಥೆ ಹೇಳಲಿ ಎಂದು ಅನ್ನಿಸುತ್ತದೋ, ಅಥವಾ ಸಿಕ್ಕ ಓಣಿಯಲ್ಲಿ ನುಗ್ಗುತ್ತೀಯೋ?"

"ನುಗ್ಗುತ್ತೇನೆ ಅಕ್ಕ. ಅಮ್ಮನಿಂದ ಬೈಸಿಕೊಳ್ಳುವುದೇ ಅದಕ್ಕೆ."

ನನಗೆ ಹೆಚ್ಚು ಇಷ್ಟವಾದದ್ದು ವಿಚರ್. ಆದರೂ ಅವನಿಗೆ ಸ್ಕೈರಿಮ್ ಎಂದೆ.

ನಿನ್ನೆ ಫೋನ್ ಮಾಡಿದ್ದ. ಡ್ರ್ಯಾಗನ್ ಬಂದಿದೆ, ಓಡಿಹೋಗಿ ವೈಟ್‌ರನ್‌ನ ಒಡೆಯನಿಗೆ ಸುದ್ದಿ ಮುಟ್ಟಿಸು ಎಂದು ಗೇಮಿನ ಒಂದು ಹಳ್ಳಿಯಾದ ರಿವರ್‌ವುಡ್‌ನವರು ಹೇಳಿ ಅವನ ಲೆಕ್ಕದಲ್ಲಿ ಎಂಟು ಗಂಟೆಯಾಗಿದೆ. ಅವನಿನ್ನೂ ಹೊಳೆಯ ದಂಡೆಯಲ್ಲಿ ಚಿಟ್ಟೆ ಹಿಡಿಯುತ್ತಿದ್ದಾನೆ.