ಹಳೇ ಜಾವಾ ಕಿತ್ತು ಹಾಕಬೇಡ್ರಿ

ದಾವಣಗೆರೆ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಓದೋರಿಗೆ, ಹರಿಹರ, ಜಗಳೂರು, ಚನ್ನಗಿರಿಯಿಂದ ದಿನಾ ಬಸ್ಸಲ್ಲಿ ಬಂದು ಹೋಗೋರಿಗೆ ಈ ಮಾತು. ಲ್ಯಾಬಲ್ಲಿ ಓಡಿದ ಜಾವಾ ಪ್ರಾಜೆಕ್ಟು ಮನೆ ಲ್ಯಾಪ್‌ಟಾಪಲ್ಲಿ ಓಡಲ್ಲ. ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಶನ್ ಎರರ್’ ಅಂತ ಕೆಂಪಕ್ಷರ. ಆಗ ಸಿಗೋ ಸಲಹೆ ಒಂದೇ: ಇರೋ ಜಾವಾ ತೆಗೆದು ಹೊಸದು ಹಾಕು. ದಯವಿಟ್ಟು ಹಾಗೆ ಮಾಡಬೇಡ್ರಿ. ಹೊಸ ಪ್ರಾಜೆಕ್ಟು ಎದ್ದರೆ ಹಳೇದು ಮಲಗುತ್ತೆ. ಜಾವಾ 8ರ ಕಾಲದ ಕೋಡು (8, 11, 17 ಇವೆಲ್ಲ ಜಾವಾ ಆವೃತ್ತಿಗಳು) ಎಕ್ಸ್‌ಎಂಎಲ್ ಓದೋ ಬರೆಯೋ ಜಾಕ್ಸ್‌ಬಿ ಬಳಸಿದ್ದರೆ, 11ರಲ್ಲಿ ಆ ಪ್ಯಾಕೇಜೇ ಇಲ್ಲ, 2018ರಲ್ಲೇ ತೆಗೆದಿದ್ದಾರೆ.

ಮೊದಲು ಎರರ್ ಓದ್ರಿ. ಅದರಲ್ಲಿ 61, 52 ಅಂತ ನಂಬರ್ ಇರುತ್ತೆ. 44 ಕಳೀರಿ. 61 ಅಂದ್ರೆ ಜಾವಾ 17, 52 ಅಂದ್ರೆ 8. ಅಂದ್ರೆ 17ರಲ್ಲಿ ಕಂಪೈಲ್ ಆದದ್ದನ್ನ 8ರಲ್ಲಿ ಓಡಿಸ್ತಿದೀರಿ. ಅಷ್ಟೇ ರೋಗ.

8, 17, 21 ಮೂರೂ ಜೆಡಿಕೆ (ಜಾವಾ ಕಂಪೈಲ್ ಮಾಡಿ ಓಡಿಸೋ ಕಿಟ್) ಅಕ್ಕಪಕ್ಕ ಇರಲಿ, ಜಗಳ ಆಡಲ್ಲ. ಕೋಡ್ ಬರೆಯೋ ಸಾಫ್ಟ್‌ವೇರ್ ಎಕ್ಲಿಪ್ಸಲ್ಲಿ ವಿಂಡೋ, ಪ್ರಿಫರೆನ್ಸಸ್, ಜಾವಾ, ಇನ್‌ಸ್ಟಾಲ್ಡ್ ಜೆಆರ್‌ಇಸ್. ಜೆಆರ್‌ಇ ಅಂದ್ರೆ ಜಾವಾ ಓಡಿಸೋ ಭಾಗ. ಆಡ್ ಒತ್ತಿ, ಸ್ಟ್ಯಾಂಡರ್ಡ್ ವಿಎಂ ಆರಿಸಿ ಜೆಡಿಕೆ ಫೋಲ್ಡರ್ ತೋರಿಸ್ರಿ. ಒಳಗಿನ ಬಿನ್ ಅಲ್ಲ, ಅದರ ಹೊರಗಿನದು. ಆಮೇಲೆ ಕೆಳಗಿನ ಎಕ್ಸಿಕ್ಯೂಷನ್ ಎನ್ವಿರಾನ್ಮೆಂಟ್ಸ್ ಪುಟದಲ್ಲಿ ಎಡಕ್ಕೆ ಜಾವಾಎಸ್‌ಇ-17 ಆರಿಸಿ, ಬಲಕ್ಕೆ ಜೆಡಿಕೆ 17ಕ್ಕೆ ಟಿಕ್ ಹಾಕ್ರಿ. ಈ ಪುಟ ತೆರೆಯೋರೇ ಕಡಿಮೆ, ನನ್ನ ಪ್ರಕಾರ ಇಡೀ ವಿಷಯದ ಜೀವ ಇರೋದೇ ಇಲ್ಲಿ.

ಯಾಕೆ ಅಂದ್ರೆ, ಪ್ರಾಜೆಕ್ಟಿನ ಬಿಲ್ಡ್ ಪಾತ್‌ನಲ್ಲಿ (ಯಾವ ಜಾವಾ, ಯಾವ ಲೈಬ್ರರಿ ಬಳಸಬೇಕು ಅನ್ನೋ ಪಟ್ಟಿ, ಕ್ಲಾಸ್‌ಪಾತ್ ಫೈಲಲ್ಲಿ ಉಳಿಯುತ್ತೆ) ಜೆಆರ್‌ಇ ಸಿಸ್ಟಮ್ ಲೈಬ್ರರಿಗೆ ಮೂರು ಆಯ್ಕೆ ಇದೆ. ‘ಆಲ್ಟರ್ನೇಟ್ ಜೆಆರ್‌ಇ’ ಕೊಟ್ಟರೆ ನೀವು ನಿಮ್ಮ ಮಷೀನಲ್ಲಿ ಇಟ್ಟ ಹೆಸರೇ ಕ್ಲಾಸ್‌ಪಾತ್ ಫೈಲಿಗೆ ಹೋಗುತ್ತೆ, ಗೆಳೆಯನ ಮಷೀನಲ್ಲಿ ಆ ಹೆಸರಿಲ್ಲ, ‘ಅನ್‌ಬೌಂಡ್’ ಅನ್ನುತ್ತೆ. ‘ವರ್ಕ್‌ಸ್ಪೇಸ್ ಡೀಫಾಲ್ಟ್’ ಕೊಟ್ಟರೆ ಯಾವುದು ಸಿಕ್ಕರೆ ಅದು. ‘ಎಕ್ಸಿಕ್ಯೂಷನ್ ಎನ್ವಿರಾನ್ಮೆಂಟ್’ ಕೊಟ್ಟರೆ ಮಾತ್ರ ‘ನನಗೆ 17 ಬೇಕು’ ಅಂತ ಪ್ರಾಜೆಕ್ಟೇ ಹೇಳುತ್ತೆ. ಆ 17 ಎಲ್ಲಿದೆ ಅಂತ ಹುಡುಕೋದು ಆಯಾ ಮಷೀನಿನ ಕೆಲಸ. ಟೀಮಲ್ಲಿ ನಾಲ್ಕು ಜನ ಇದ್ದರೆ ಬೇರೆ ದಾರಿನೇ ಇಲ್ಲ.

ಎಕ್ಲಿಪ್ಸ್ ತಾನು ಓಡೋಕೆ ಬಳಸೋ ಜಾವಾ ಬೇರೆ. 2024-09 ಆವೃತ್ತಿಯಿಂದ ಅದಕ್ಕೆ 21 ಬೇಕು, ನಿಮ್ಮ ಪ್ರಾಜೆಕ್ಟು 8ರಲ್ಲೇ ಇರಬಹುದು.

ಪ್ರಾಜೆಕ್ಟ್ ಬಿಲ್ಡ್ ಮಾಡೋ ಟೂಲ್ ಮೇವನ್ ಇದ್ದರೆ ಇನ್ನೊಂದು ಎಚ್ಚರ. ಆಲ್ಟ್ ಎಫ್5 ಒತ್ತಿ ಅಪ್‌ಡೇಟ್ ಮಾಡಿದ ಕೂಡಲೇ ಪಾಮ್ ಫೈಲಲ್ಲಿ (ಮೇವನ್‌ನ ಸೆಟ್ಟಿಂಗ್ ಫೈಲು) ಇದ್ದದ್ದೇ ಗೆಲ್ಲುತ್ತೆ, ನೀವು ಕೈಯಲ್ಲಿ ಬದಲಿಸಿದ್ದು ಅಳಿಸಿ ಹೋಗುತ್ತೆ. ‘ಮೇವನ್ ಡಾಟ್ ಕಂಪೈಲರ್ ಡಾಟ್ ರಿಲೀಸ್’ 17 ಅಂತ ಅಲ್ಲೇ ಬರೀರಿ. ಜೆಡಿಕೆ 8ಕ್ಕೆ ರಿಲೀಸ್ ಗೊತ್ತಿಲ್ಲ, ಸೋರ್ಸ್ ಮತ್ತು ಟಾರ್ಗೆಟ್ ಎರಡನ್ನೂ ಕೊಡಬೇಕು. ಟರ್ಮಿನಲ್‌ನಲ್ಲಿ ಓಡಿಸೋ ಮೇವನ್ ಅಂತೂ ಎಕ್ಲಿಪ್ಸಿನ ಸೆಟ್ಟಿಂಗ್ ನೋಡೋದೇ ಇಲ್ಲ, ಜಾವಾ ಎಲ್ಲಿದೆ ಅಂತ ಹೇಳೋ ಸಿಸ್ಟಮ್ ಸೆಟ್ಟಿಂಗ್ ‘ಜಾವಾ ಹೋಮ್’ ನೋಡುತ್ತೆ. ‘ಎಂವಿಎನ್ ಹೈಫನ್ ವಿ’ ಹೊಡೆದರೆ ಅದು ಹಿಡಿದಿರೋ ಜಾವಾ ಯಾವುದು ಅಂತ ಅಲ್ಲೇ ಕಾಣುತ್ತೆ.