ಒಂದೇ ಸಾಲು, ಮತ್ತೆ ಮತ್ತೆ

ಕೇಳುಗರಿಗೆ ನಮಸ್ಕಾರ.

ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ಆಟದಲ್ಲಿ ಭಾಗವತರು ಪದ್ಯದ ಒಂದೇ ಸಾಲನ್ನು ಎತ್ತಿ ಎತ್ತಿ ಹಾಡುತ್ತಾರೆ. ವೇಷ ಕುಣಿಯುತ್ತಾ ಇರುತ್ತದೆ. ಸಾಲು ಅದೇ. ಆದರೆ ಮದ್ದಳೆಯ ನುಡಿ ಬದಲಾಗುತ್ತದೆ, ಚೆಂಡೆ ಬಂದು ಸೇರುತ್ತದೆ, ವೇಗ ಏರುತ್ತದೆ. ಹೇಳಿದ್ದನ್ನೇ ಹೇಳ್ತಾರಲ್ಲ ಅಂತ ಯಾರೂ ಎದ್ದು ಹೋಗುವುದಿಲ್ಲ. ಇಂಥ ಕಿವಿ ಇರುವ ಕಾಸರಗೋಡಿನಲ್ಲಿ ಕೂತು ಅಮೆರಿಕದ ಫಿಲಿಪ್ ಗ್ಲಾಸ್ ಅವರ ಸಿನಿಮಾ ಸಂಗೀತ ಕೇಳಿದೆ. ಇವತ್ತು ಅದರದ್ದೇ ಮಾತು.

ಬೆಂಗಳೂರಿನಲ್ಲಿರುವ ಅಣ್ಣನ ಮಗ ಮನೆ ಬದಲಾಯಿಸುವಾಗ ಒಂದು ಪೆಟ್ಟಿಗೆಯನ್ನು ನನಗೆ ದಾಟಿಸಿದ. 'ಫಿಲಿಪ್ ಆನ್ ಫಿಲ್ಮ್' ಅಂತ ಹೆಸರು. ನಾನ್‌ಸಚ್ ಕಂಪೆನಿ 2001ರಲ್ಲಿ ತಂದದ್ದು, ಒಳಗೆ ಐದು ಸಿ.ಡಿ. ಈಗ ಸಿ.ಡಿ. ಹಾಕುವ ಯಂತ್ರ ಯಾರ ಮನೆಯಲ್ಲಿದೆ, ಅಲ್ವಾ? ನಮ್ಮಲ್ಲಿದೆ. ಮುಚ್ಚಳದ ಮೇಲೆ ಒಂದು ದಪ್ಪ ಪುಸ್ತಕ ಇಟ್ಟರೆ ಮಾತ್ರ ತಿರುಗುತ್ತದೆ. ಚಾವಡಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದಾಗ ಹಾಕಿದೆ. ಸ್ವಲ್ಪ ಹೊತ್ತಿಗೇ ಹೆಂಡತಿಯ ತಮ್ಮ ಕೇಳಿದ: "ಭಾವ, ಸಿ.ಡಿ. ಸಿಕ್ಕಿಹಾಕಿಕೊಂಡಿದೆಯಾ ಹೇಗೆ?"

ಕೇಳಿದ್ದರಲ್ಲಿ ತಪ್ಪಿಲ್ಲ. ಗ್ಲಾಸ್ ಅವರ ಒಂದು ತುಂಡು ಸ್ವರ ಬಂದದ್ದೇ ಬರುತ್ತಿರುತ್ತದೆ. ಆದರೆ ಸುಮ್ನೆ ಬರುವುದಿಲ್ಲ. ಇದರ ಹಿಂದೆ ನಮ್ಮವರ ಕೈ ಇದೆ. ಗ್ಲಾಸ್ 1937ರಲ್ಲಿ ಬಾಲ್ಟಿಮೋರಿನಲ್ಲಿ ಹುಟ್ಟಿದವರು, ತಂದೆಗೆ ರೆಕಾರ್ಡ್ ಅಂಗಡಿ. ಅರುವತ್ತರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಲಿಯುತ್ತಿದ್ದಾಗ ಸಿತಾರ್ ವಾದಕ ರವಿಶಂಕರ್ ಒಂದು ಚಿತ್ರಕ್ಕೆ ಸಂಗೀತ ಮಾಡಲು ಅಲ್ಲಿಗೆ ಬಂದರು. ಅವರು ನುಡಿಸಿ ತೋರಿಸಿದ್ದನ್ನು ಫ್ರಾನ್ಸಿನ ವಾದ್ಯಗಾರರಿಗಾಗಿ ಬರೆದುಕೊಡುವ ಕೆಲಸ ಗ್ಲಾಸ್‌ಗೆ ಸಿಕ್ಕಿತು. ಪಾಶ್ಚಾತ್ಯ ಸಂಗೀತದ ಪದ್ಧತಿಯಂತೆ ಗೆರೆ ಎಳೆದು ಭಾಗ ಮಾಡಿ ಬರೆದರು. ತಬಲಾದ ಅಲ್ಲಾರಖಾ ಒಪ್ಪಲಿಲ್ಲ. ಒತ್ತು ಇಲ್ಲಿಲ್ಲ, ಅಲ್ಲಿಲ್ಲ ಅಂತ ತಿದ್ದುತ್ತಲೇ ಹೋದರು. ಕೊನೆಗೆ ಗ್ಲಾಸ್ ಗೆರೆಗಳನ್ನೆಲ್ಲ ಅಳಿಸಿಬಿಟ್ಟರು. ಆಗ ಕಣ್ಣಿಗೆ ಬಿದ್ದದ್ದು ಸಣ್ಣ ಸಣ್ಣ ಪೆಟ್ಟುಗಳ ಒಂದು ಉದ್ದನೆಯ ಸಾಲು. ಅದನ್ನು ಎರಡು, ಮೂರರ ಗುಂಪು ಮಾಡಿ ಕೂಡಿಸುತ್ತಾ ಹೋಗಬಹುದು.

ತಕಿಟ ತಕ. ಐದು. ತಕಿಟ ತಕಿಟ. ಆರು. ತಕಿಟ ತಕದಿಮಿ. ಏಳು. ಒಂದೊಂದೇ ಪೆಟ್ಟು ಬೆಳೆಯುತ್ತದೆ. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿದರೆ ಭಾವಮೈದುನನ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಇಷ್ಟೆಲ್ಲ ಕಲಿತರೂ ಹೊಟ್ಟೆಪಾಡಿಗೆ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಓಡಿಸಿದರು, ನಲ್ಲಿ ರಿಪೇರಿ ಮಾಡಿದರು. ಗಾಡ್‌ಫ್ರೀ ರೆಜಿಯೊ ಎಂಬ ನಿರ್ದೇಶಕ ಬಂದು ಕೇಳಿದಾಗ, ನಾನು ಸಿನಿಮಾಕ್ಕೆ ಬರೆಯುವವನಲ್ಲ ಅಂದರಂತೆ. ಆಮೇಲೆ ಒಪ್ಪಿದ್ದರ ಫಲ 1982ರ 'ಕೊಯಾನಿಸ್‌ಕಾತ್ಸಿ'. ಮಾತಿಲ್ಲ, ಕಥೆಯಿಲ್ಲ, ನಟರಿಲ್ಲ. ಮೋಡ, ಬಂಡೆ, ರಸ್ತೆಯ ಮೇಲೆ ಓಡುವ ಕಾರುಗಳ ಬೆಳಕು, ಇಷ್ಟೇ.

ನನಗೆ ಜಾಸ್ತಿ ಹಿಡಿಸಿದ್ದು ಅದರ ನಂತರದ 'ಪೊವಾಕಾತ್ಸಿ', 1988ರದ್ದು. ಸಂಗೀತ ಮೊದಲು ಕೇಳಿದೆ, ಚಿತ್ರ ಆಮೇಲೆ ನೋಡಿದೆ. ಶುರುವಿಗೇ ಭರ್ಜರಿ ಡೋಲು, ತುತ್ತೂರಿ, ಮಕ್ಕಳ ದನಿ. ಯಾವುದೋ ಜಾತ್ರೆ ಇರಬೇಕು ಅಂದುಕೊಂಡೆ. ತೆರೆಯ ಮೇಲೆ ಕಂಡದ್ದು ಬ್ರೆಜಿಲಿನ ಸೆರಾ ಪೆಲಾಡ ಚಿನ್ನದ ಗಣಿ. ಮೈಯೆಲ್ಲ ಕೆಸರು, ಬೆನ್ನ ಮೇಲೆ ಮಣ್ಣಿನ ಚೀಲ, ಸಾಲುಗಟ್ಟಿ ಹತ್ತುವ ಸಾವಿರಾರು ಜನ. ನಮ್ಮ ಕಡೆ ಮುರಕಲ್ಲಿನ ಕೋರೆಯಲ್ಲಿ ಕಲ್ಲು ಹೊರುವವರನ್ನು ಕಂಡವರಿಗೆ ಆ ನಡಿಗೆ ಹೊಸತಲ್ಲ. ಪೆಟ್ಟು ಬಿದ್ದ ಒಬ್ಬನನ್ನು ಹೆಗಲ ಮೇಲೆ ಹೊತ್ತು ಮೇಲಕ್ಕೆ ತರುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಪಿಟೀಲು ಅಳುತ್ತಿತ್ತು. ಇಲ್ಲಿ ಡೋಲು ನಿಲ್ಲುವುದೇ ಇಲ್ಲ. ಈಗ ಅಳಿ, ಈಗ ಹೆದರಿ ಅಂತ ಈ ಸಂಗೀತ ನಮಗೆ ಅಪ್ಪಣೆ ಕೊಡುವುದಿಲ್ಲ. ಅದು ತನ್ನ ಪಾಡಿಗೆ ನಡೆಯುತ್ತದೆ, ನೋಡುವ ಕೆಲಸವನ್ನು ನಮಗೇ ಬಿಡುತ್ತದೆ.

ಅದಕ್ಕೇ ಇರಬೇಕು, ಒಂದು ಚಿತ್ರದ್ದು ಇನ್ನೊಂದಕ್ಕೂ ಹೊಂದುತ್ತದೆ. ಪೊವಾಕಾತ್ಸಿಯ 'ಆಂಥೆಮ್' ತುಂಡನ್ನು 1998ರ 'ದಿ ಟ್ರೂಮನ್ ಶೋ'ದಲ್ಲಿ ಬಳಸಿದ್ದಾರೆ. ತನ್ನ ಬದುಕೇ ಟಿ.ವಿ. ಕಾರ್ಯಕ್ರಮ ಅಂತ ಗೊತ್ತಿಲ್ಲದವನ ಕಥೆ ಅದು. ಗಣಿಗೂ ಅವನಿಗೂ ಸಂಬಂಧವೇ ಇಲ್ಲ, ಆದರೂ ಸರಿಯಾಗಿ ಕೂತಿದೆ. ಕೀಬೋರ್ಡ್ ನುಡಿಸುತ್ತಾ ಗ್ಲಾಸ್ ಕೂಡ ಅದರಲ್ಲಿ ಒಮ್ಮೆ ಕಾಣಿಸಿಕೊಳ್ಳುತ್ತಾರೆ.

ಪೆಟ್ಟಿಗೆಯಲ್ಲಿ ಇನ್ನೊಂದು ಸಾಹಸ ಇದೆ. ಫ್ರಾನ್ಸಿನ ಕಾಕ್ತೊ 1946ರಲ್ಲಿ ತೆಗೆದ 'ಬ್ಯೂಟಿ ಅಂಡ್ ದಿ ಬೀಸ್ಟ್' ಚಿತ್ರದ ಧ್ವನಿಯನ್ನು ಪೂರ್ತಿ ತೆಗೆದು, ನಟರ ತುಟಿ ಆಡಿದ ಹಾಗೆ ಮಾತುಗಳನ್ನೆಲ್ಲ ಗ್ಲಾಸ್ ಹಾಡಾಗಿಸಿದ್ದಾರೆ. ವೇಷದವರು ಅಭಿನಯಿಸುವುದು, ಪದ್ಯ ಹೇಳುವುದು ಭಾಗವತರು. ನಮಗೇನು, ಇದು ಮನೆಯ ಸಂಗತಿ! 1931ರ 'ಡ್ರಾಕುಲಾ'ಕ್ಕೆ ಬರೆದದ್ದೂ ಇದೆ. ಕ್ರೋನೋಸ್ ಕ್ವಾರ್ಟೆಟ್ ಎಂಬ ತಂಡ ನುಡಿಸಿದ್ದು, ಬರೀ ನಾಲ್ಕು ತಂತಿವಾದ್ಯ. ಹೆದರಿಕೆಗಿಂತ ಬೇಸರದ ಛಾಯೆಯೇ ಹೆಚ್ಚು. ನನಗದು ಇಷ್ಟ.

ಎಲ್ಲವೂ ಚಿನ್ನ ಅನ್ನುವುದಿಲ್ಲ. ಐದನೆಯ ಸಿ.ಡಿ.ಯಲ್ಲಿ ಬೇರೆ ಬೇರೆ ಚಿತ್ರಗಳ ತುಣುಕುಗಳಿವೆ. ಈ ಸಂಗೀತ ಬೆಳೆಯಲು ಹೊತ್ತು ಬೇಕು, ತುಣುಕು ಮಾಡಿದರೆ ಕಳೆಗುಂದುತ್ತದೆ. ಪೆಟ್ಟಿಗೆಯ ನಂತರ ಬಂದ 'ದಿ ಅವರ್ಸ್' ಚಿತ್ರದ ಸಂಗೀತಕ್ಕೆ ಬ್ರಿಟನ್ನಿನ ಬಾಫ್ಟಾ ಸಿನಿಮಾ ಪ್ರಶಸ್ತಿಯೇ ಬಂತು. ಆದರೂ ಅದರ ಪಿಯಾನೊ ನನಗೆ ಕೆಲವು ಕಡೆ ಅತಿಯಾಯಿತು ಅನ್ನಿಸಿತು.

ಈಗ ಇವೆಲ್ಲ ಮೊಬೈಲಿನಲ್ಲೇ ಸಿಗುತ್ತವೆ. ಆದರೆ ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಹಾಕಬೇಡಿ. ಕೊಯಾನಿಸ್‌ಕಾತ್ಸಿಯ ಶುರುವಿನಲ್ಲಿ ಗಂಡಸಿನ ತುಂಬಾ ತಗ್ಗಿನ ದನಿ ಬರುತ್ತದೆ, ಅದು ಅದರಲ್ಲಿ ಕೇಳುವುದೇ ಇಲ್ಲ. ಇಯರ್‌ಫೋನ್ ಆದರೂ ಹಾಕಿಕೊಳ್ಳಿ. ನಮಸ್ಕಾರ.