ಕಣ್ಣಿಗೂ ಮೆನು ಕಾರ್ಡ್

ಶಾಟ್ ಅಲುಗಾಡುತ್ತಿದೆ, ಬೈಯಬೇಡಿ. ಆಗ ನನಗೆ ಒಂದೇ ಕಣ್ಣು ಕಾಣುತ್ತಿತ್ತು. ಗೇಟಿನ ಬೋಲ್ಟಿಗೆ ಸುತ್ತಿಗೆ ಹೊಡೆದದ್ದು, ಕಬ್ಬಿಣದ ಚೂರು ಕಣ್ಣಿಗೆ ಹೊಕ್ಕಿದ್ದು ಹಿಂದಿನ ವಿಡಿಯೋದಲ್ಲಿದೆ. ಚೂರಿನ ಜೊತೆ ಹಾಳಾಗಿದ್ದ ನನ್ನ ಕಣ್ಣೊಳಗಿನ ಲೆನ್ಸನ್ನೂ ತೆಗೆದಿದ್ದರು. ಮೂರು ತಿಂಗಳು ಕಾದು, ಇವತ್ತು ಹೊಸದು ಕೂರಿಸುವ ದಿನ.

ಇದು ಬಿಲ್ಲಿಂಗ್ ಕೌಂಟರ್. ಕ್ಯಾಮೆರಾ ಬೇಡ ಅಂದರು, ಅದಕ್ಕೇ ನೀವು ಫ್ಯಾನ್ ನೋಡುತ್ತಿದ್ದೀರಿ. ಲ್ಯಾಮಿನೇಟ್ ಮಾಡಿದ ಕಾರ್ಡ್ ಕೊಟ್ಟರು, ಥೇಟ್ ಹೋಟೆಲ್ ಮೆನು. ಇಂಡಿಯನ್ ಲೆನ್ಸ್ ಪ್ಯಾಕೇಜ್ 28,000. ಇಂಪೋರ್ಟೆಡ್ 45,000. ದೂರ, ಹತ್ತಿರ ಎರಡೂ ಕಾಣುವ ಮಲ್ಟಿಫೋಕಲ್ 90,000. 'ಕಣ್ಣಿನ ವಿಷಯ ಸರ್, ಯೋಚನೆ ಮಾಡಿ' ಅಂತ ಕೌಂಟರಿನಾಕೆ ಮೆಲ್ಲಗೆ ಹೇಳಿದರು. ಅಮ್ಮ ಆಗಲೇ ಬಳೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅರ್ಧ ಗಂಟೆ ಲೆಕ್ಕ ಹಾಕಿ, ಚಿಕ್ಕಪ್ಪನಿಗೆ ಫೋನ್ ಮಾಡಿ, ಹೂಂ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ಡಾಕ್ಟರ್ ಕರೆದರು. 'ಲೆನ್ಸ್ ಕೂರುವ ಚೀಲವನ್ನೇ ಚೂರು ಹರಿದಿದೆ. ಮಲ್ಟಿಫೋಕಲ್ ಸರಿಯಾಗಿ ನಡುವೆ ಕೂರಬೇಕು, ನಿಮಗೆ ಆಗಲ್ಲ. ಸಾದಾ ಲೆನ್ಸನ್ನೇ ಬಿಳಿಗುಡ್ಡೆಯ ಗೋಡೆಗೆ ಸಿಕ್ಕಿಸೋಣ' ಅಂದರು. ಹಾಗಾದರೆ ಆ ಕಾರ್ಡ್ ನನಗೆ ಯಾಕೆ ತೋರಿಸಿದ್ದು? ಹಗಲು ದರೋಡೆ ಅಂದುಕೊಂಡೆ. ಈಗ ಅಷ್ಟು ಕೋಪ ಇಲ್ಲ, ಆಕೆಗೆ ನನ್ನ ಫೈಲ್ ಬಂದಿರಲೇ ಇಲ್ಲವಂತೆ. ಆದರೂ ಮೊದಲು ಫೈಲ್, ಆಮೇಲೆ ಮೆನು ಅಲ್ವಾ?

ವೇಟಿಂಗ್ ಹಾಲ್. ಟಿವಿ ಮ್ಯೂಟ್, ಸುಮ್ನೆ ಒಂದು ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಮುಚ್ಚಳದ ಪರ್ಸ್‌ಪೆಕ್ಸ್ ಅನ್ನುವ ಪ್ಲಾಸ್ಟಿಕ್ ಚೂರು ಹೊಕ್ಕುತ್ತಿತ್ತು. ನನ್ನದು ಕಬ್ಬಿಣ, ಬಿಟ್ಟರೆ ಒಳಗೇ ತುಕ್ಕು ಹಿಡಿದು ಕಣ್ಣು ಹಾಳು ಮಾಡುತ್ತದೆ. ಆ ಪ್ಲಾಸ್ಟಿಕ್ ಮಾತ್ರ ತೆಪ್ಪಗೆ ಕೂತಿರುತ್ತಿತ್ತು. ಅದನ್ನು ಗಮನಿಸಿದ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ, ಅದೇ ಜಾತಿಯ ಪ್ಲಾಸ್ಟಿಕ್‌ನಲ್ಲಿ ಲೆನ್ಸ್ ಮಾಡಿಸಿ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬರ ಕಣ್ಣಿಗೆ ಇಟ್ಟರು. ದೊಡ್ಡ ದೊಡ್ಡ ಡಾಕ್ಟರುಗಳೇ ಉಗಿದರು. ಸರ್ ಪಟ್ಟ ಸಿಕ್ಕಿದ್ದು 2000ದಲ್ಲಿ, ಅಜ್ಜನಿಗೆ ಆಗ 93. ಇನ್ನು ಇಂಡಿಯನ್ ಲೆನ್ಸ್ ಅಂದಾಗ ನಾನೂ ಮೂಗು ಮುರಿದೆ, ಸುಳ್ಳು ಹೇಳಲ್ಲ. ಆದರೆ ಮದುರೈನ ಅರೋಲ್ಯಾಬ್ 1992ರಿಂದ ಲೆನ್ಸ್ ಮಾಡಿ ಹೊರದೇಶಕ್ಕೂ ಕಳಿಸುತ್ತಿದೆ, ನಾನ್ಯಾವ ದೊಡ್ಡ... ಹಾಂ, ಹೆಸರು ಕೂಗಿದರು.

ಇದು ಅಮ್ಮ ಶೂಟ್ ಮಾಡಿದ್ದು. ನಲವತ್ತು ನಿಮಿಷ ಬರೀ ಬಾಗಿಲು, ಕಟ್ ಮಾಡಿದ್ದೇನೆ.

ಇದು ಮೂರು ವಾರದ ನಂತರ. ಎದುರು ಮನೆಯ ನಂಬರ್ ಕಾಣುತ್ತಿದೆ, ಅವರ ಬೆಕ್ಕೂ ಕಾಣುತ್ತಿದೆ. ಡ್ರಾಪ್ಸ್ ಬಾಟಲಿಯ ಅಕ್ಷರ ಮಾತ್ರ ಕಾಣಲ್ಲ, ಹತ್ತಿರಕ್ಕೆ ಕನ್ನಡಕ ಬೇಕೇ ಬೇಕು. ಇನ್ನೂ ಮಾಡಿಸಿಲ್ಲ. ಅಮ್ಮಾ, ಇದು ದಿನಕ್ಕೆ ನಾಲ್ಕು ಸಲಾನಾ, ಆರಾ?